ಲಂಕೆಯಿಂದ ತಂದ ಒಂದು ‘ಗೊತ್ತಿಲ್ಲ’

ಹೊರಡುವ ಮುನ್ನ, ನಮ್ಮ ಗೇಟಿನಲ್ಲಿ

ಲಂಕೆಗೆ ಹೋಗಿ ಬಂದವರು ಸಾಮಾನ್ಯವಾಗಿ ಅಶೋಕವನದಿಂದ ಮಾತು ಶುರು ಮಾಡುತ್ತಾರೆ. ನಾನು ದಾವಣಗೆರೆ ಸರಸ್ವತಿ ನಗರದ ನಮ್ಮ ಮನೆ ಗೇಟಿನಿಂದ ಶುರು ಮಾಡಬೇಕು. ನನ್ನ ತಪ್ಪು ನಡೆದದ್ದು ಅಲ್ಲಿ. ಅದನ್ನು ಹೊತ್ತುಕೊಂಡೇ ನಾನು ವಿಮಾನ ಹತ್ತಿದೆ. ಪುಣ್ಯಕ್ಕೆ ವಿಮಾನದವರು ಅದನ್ನು ತೂಕಕ್ಕೆ ಹಾಕಲಿಲ್ಲ.

ಹರಿಹರದಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿ ಇದೆ. ಓದಿದ್ದು ಹೈಸ್ಕೂಲಿನವರೆಗೆ. ಮಿಕ್ಕ ವಿದ್ಯೆಯನ್ನೆಲ್ಲ ಎದುರಿನ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಸಂಪಾದಿಸಿದೆ. ಸಂಜೆ ಹೊತ್ತು ಅಲ್ಲಿ ಕೂತು, ಖಾರ ಮಂಡಕ್ಕಿಗೆ ಮಿರ್ಚಿ ನಂಜಿಕೊಳ್ಳುತ್ತ, ಎಷ್ಟೋ ಸರ್ಕಾರಗಳನ್ನು ಕೆಡವಿದ್ದೇವೆ, ಎಷ್ಟೋ ಕಟ್ಟಿದ್ದೇವೆ. ಹೆಂಗಸರೂ ಆ ಅಂಗಡಿಗೆ ಬರುತ್ತಾರೆ. ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ಬೆಂಚು ನಮಗೆ, ಪೊಟ್ಟಣ ಅವರಿಗೆ. ಹೀಗೆಂದು ಯಾರೂ ಬೋರ್ಡು ಹಾಕಿಲ್ಲ.

ನಮ್ಮ ಮನೆಯಲ್ಲಿ ಪೇಪರಿಗೂ ಇದೇ ನಿಯಮ. ಬೆಳಿಗ್ಗೆ ಬಂದ ಕೂಡಲೇ ದಿಲ್ಲಿ, ಬೆಂಗಳೂರಿನ ಸುದ್ದಿ ಇರುವ ಹಾಳೆಗಳು ನನ್ನ ಕೈಗೆ. ಒಳಗಿನ ಜಿಲ್ಲೆಯ ಹಾಳೆಯನ್ನು ತೆಗೆದು ಹೆಂಡತಿ ಹಾಲಮ್ಮನಿಗೆ ಕೊಡುತ್ತೇನೆ. ಅದರಲ್ಲಿ ಏನಿರುತ್ತದೆ, ಚರಂಡಿ, ಬೀದಿದೀಪ. ಮದುವೆಯಾದಾಗಿನಿಂದ ಅವಳು ಆ ಒಂದು ಹಾಳೆಯನ್ನು ಓದಿ, ಆಮೇಲೆ ಅದರ ಮೇಲೆ ಬಜ್ಜಿಯ ಎಣ್ಣೆ ಬಸಿಯುತ್ತ ಬಂದಿದ್ದಾಳೆ.

ಮೋಟರ್ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳನ್ನು ವಿದೇಶಕ್ಕೆ ಕರೆದುಕೊಂಡು ಹೋಗುವ ಪದ್ಧತಿ ಇದೆ. ಹಿಂದೆಲ್ಲ ಬ್ಯಾಂಕಾಕ್. ಅಲ್ಲಿಗೆ ಹೆಂಡತಿಯರು ಬರುವಂತಿರಲಿಲ್ಲ. ಹೋಗಿ ಬಂದವರೆಲ್ಲ ಮನೆಯಲ್ಲಿ ಬುದ್ಧನ ಗುಡಿಯ ಫೋಟೊ ಮಾತ್ರ ತೋರಿಸುತ್ತಿದ್ದರು. ಈ ಸಲ ಕಂಪನಿಗೆ ಏನನ್ನಿಸಿತೋ, ಶ್ರೀಲಂಕಾ, ಗಂಡ ಹೆಂಡತಿ ಕೂಡಿ ಬರಬೇಕು ಎಂದರು. ಮಾಯಕೊಂಡದ ಡೀಲರ್ ನಾಗರಾಜಪ್ಪ ಇದನ್ನು ಕೇಳಿ, ಯಾರೋ ಸತ್ತ ಸುದ್ದಿ ಬಂದವರ ಹಾಗೆ ನಿಟ್ಟುಸಿರು ಬಿಟ್ಟ.

ಹೊರಡುವ ಹಿಂದಿನ ದಿನ ಹಾಲಮ್ಮ ಬ್ಲೌಸು ತರಲು ಟೈಲರ್ ಹತ್ತಿರ ಹೋಗಿದ್ದಾಗ, ಪಕ್ಕದ ಓಣಿಯ ವಿಜಯಮ್ಮ ಇನ್ನಿಬ್ಬರನ್ನು ಕಟ್ಟಿಕೊಂಡು ಗೇಟಿನ ಹತ್ತಿರ ಬಂದರು. ವಾರ್ಡ್ ಸಮಿತಿಗೆ ನಮ್ಮ ಓಣಿಗಳಿಂದ ಒಬ್ಬ ಹೆಣ್ಣುಮಗಳ ಹೆಸರು ಕೊಡಬೇಕಂತೆ. ನೀರು, ಕಸ, ರಸ್ತೆ, ಇವುಗಳ ಬಗ್ಗೆ ಅಲ್ಲಿ ಮಾತಾಡಬೇಕಂತೆ.

“ಹಾಲಮ್ಮನೋರ ಹೆಸರು ಕೊಡೋಣ ಅಂತ ಮಾಡೀವಿ ಅಣ್ಣಾರೆ. ಏನಂತಾರೆ ಕೇಳ್ರಿ.”

“ಕೇಳೋದೇನು ಬಂತು? ಅವಳಿಗೆ ರಾಜಕೀಯದಾಗ ಆಸಕ್ತಿನೇ ಇಲ್ಲ. ಗೊತ್ತಾಗೋದೂ ಇಲ್ಲ. ಬ್ಯಾಡ ಬಿಡ್ರಿ.”

“ಹಂಗಂತ ಅವರೇ ಹೇಳ್ಯಾರೇನ್ರಿ?”

“ನಾನು ಹೇಳಿದ್ರೆ ಅವಳು ಹೇಳಿದಂಗೇ ತಾಯಿ.”

ವಿಜಯಮ್ಮ ಒಂದು ಕ್ಷಣ ನನ್ನನ್ನು ನೋಡಿದರು, ಹೋದರು. ಹಾಲಮ್ಮ ಬಂದ ಮೇಲೆ ನಾನು ಹೇಳಲಿಲ್ಲ. ಮರೆತೆ ಎಂದು ಬರೆಯಬಹುದಿತ್ತು, ಅದು ಸುಳ್ಳಾಗುತ್ತದೆ. ಹೇಳುವಂಥ ವಿಷಯ ಅದು ಅಂತಲೇ ನನಗೆ ಅನ್ನಿಸಲಿಲ್ಲ.

ಕೊಲಂಬೊ

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಹಾಲಮ್ಮನನ್ನು ಹೆಸರು ಕೇಳಿದ. ನಾನು ಹೇಳಿದೆ. ಯಾಕೆ ಬಂದಿರಿ ಎಂದ. ನಾನು ಹೇಳಿದೆ. ಎಷ್ಟು ದಿನ ಎಂದ. ನಾನು ಬಾಯಿ ತೆಗೆಯುವಷ್ಟರಲ್ಲಿ ಅವನು ಕೈ ಎತ್ತಿ, ನಗುತ್ತಲೇ, ನಾನು ಅಮ್ಮನನ್ನು ಕೇಳುತ್ತಿದ್ದೇನೆ ಎಂದ. ಹಿಂದೆ ನಿಂತಿದ್ದ ಗುತ್ತೂರಿನ ಪೈಪು, ಮೋಟರ್ ಅಂಗಡಿಯ ರಹಮತ್ ಸಾಹೇಬರು ಜೋರಾಗಿ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಹಾಲಮ್ಮ ತನ್ನ ಹರಕು ಇಂಗ್ಲಿಷಿನಲ್ಲಿ “ಸಿಕ್ಸ್ ಡೇ” ಎಂದಳು. ಅವನು ಠಪ್ ಎಂದು ಠಸ್ಸೆ ಒತ್ತಿದ.

ನಾವು ಕಾಲಿಟ್ಟ ದಿನ ಹುಣ್ಣಿಮೆ. ಆ ದೇಶದಲ್ಲಿ ಹುಣ್ಣಿಮೆಯೆಂದರೆ ಬುದ್ಧನ ದಿನ. ಊರಿಗೆ ಊರೇ ಹೆಂಡದಂಗಡಿ ಮುಚ್ಚಿರುತ್ತದೆ, ಹೋಟೆಲಿನಲ್ಲೂ ಸಿಗುವುದಿಲ್ಲ. ನಾಗರಾಜಪ್ಪ ಕೌಂಟರಿನವನ ಹತ್ತಿರ ಕೈಸನ್ನೆ ಬಾಯಿಸನ್ನೆಯೆಲ್ಲ ಮಾಡಿ ನೋಡಿದ. ಅವನು ಕೈ ಮುಗಿದು ‘ಆಯುಬೋವನ್’ ಎಂದ. ದೀರ್ಘಾಯುಷ್ಯ ಎಂದು ಅರ್ಥವಂತೆ. “ಇಂಥಾ ಒಣ ದಿನಕ್ಕೆ ಆಯಸ್ಸು ಯಾಕ ಬೇಕ್ರಿ?” ಎಂದ ನಾಗರಾಜಪ್ಪ.

ಊಟಕ್ಕೆ ನಮ್ಮ ಶಾವಿಗೆಯಂಥದ್ದು, ಜೊತೆಗೆ ಕೆಂಪಗೆ ತೆಂಗಿನಕಾಯಿಯ ಪುಡಿ. ನಮ್ಮ ಮನೆತನದಲ್ಲಿ ಮೀನು ಎಂದರೆ ತುಂಗಭದ್ರೆಯಲ್ಲಿ ಈಜುವ ಪ್ರಾಣಿ, ಅಷ್ಟೆ. ನಾನು ಒಂದು ತುತ್ತು ತಿಂದು ಘೋಷಿಸಿದೆ. “ಕಾಯಿ ಚಟ್ನಿ. ನಮ್ಮ ಬೆಣ್ಣೆ ದೋಸೆ ಜೊತೆ ಕೊಡ್ತಾರಲ್ಲ, ಅದರ ಅಣ್ಣ. ಧೈರ್ಯವಾಗಿ ತಿನ್ನು.”

ಹಾಲಮ್ಮ ತಿನ್ನಲಿಲ್ಲ. ಪಕ್ಕದಲ್ಲಿದ್ದ ರಹಮತ್ ಸಾಹೇಬರ ಹೆಂಡತಿ ಶಮೀಮ್‌ಬಾನು ಅವರಿಗೆ, “ಇದರಾಗ ಏನೇನು ಹಾಕ್ಯಾರೆ ಕೇಳ್ರಿ ಬೂಬಮ್ಮ” ಎಂದಳು. ಅವರು ಬಡಿಸುವವನನ್ನು ಹಿಂದಿಯಲ್ಲಿ ಕೇಳಿದರು. ಒಣಮೀನಿನ ಪುಡಿ. ಅಷ್ಟರಲ್ಲಿ ನಾನು ಎರಡನೇ ಸಲ ಹಾಕಿಸಿಕೊಂಡಾಗಿತ್ತು.

“ರುದ್ರಪ್ಪನೋರೆ, ಸ್ವಾಗತ” ಎಂದು ರಹಮತ್ ಸಾಹೇಬರು ಕೈ ಕುಲುಕಿದರು.

ಕ್ಯಾಂಡಿಯ ದಾರಿ, ಬಸ್ಸಿನಲ್ಲಿ

ನಮ್ಮ ಗೈಡು ಮಾಲಿನಿ ಎಂಬ ಹುಡುಗಿ. ಪ್ರವಾಸಿಗಳ ಜೊತೆ ಓಡಾಡಿ ಓಡಾಡಿ ಹಿಂದಿ ಕಲಿತಿದ್ದಳು. ಅವಳು ಹೇಳಿದ್ದನ್ನು ಶಮೀಮ್‌ಬಾನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ನಡುವೆ ತಮ್ಮದೂ ಸ್ವಲ್ಪ ಒಗ್ಗರಣೆ ಹಾಕುತ್ತಿದ್ದರು ಎಂದು ನನ್ನ ಗುಮಾನಿ.

ದಾರಿಯಲ್ಲಿ ಕಿತ್ತಳೆ ಬಣ್ಣದ ಎಳನೀರಿತ್ತು, ಹೊಳೆಯಲ್ಲಿ ಮೀಯುವ ಆನೆಗಳಿದ್ದವು. ನಾವು ಗಂಡಸರು ನಮ್ಮ ವಿಧಾನಸಭೆಯ ಮುಂದಿನ ಚುನಾವಣೆಯಲ್ಲಿದ್ದೆವು. ಆನೆ ಬಂದಾಗ ಒಂದು ಸಲ ತಿರುಗಿ ನೋಡಿ ಮತ್ತೆ ಚುನಾವಣೆಗೆ ಮರಳಿದೆವು. ಮಾಲಿನಿಗೆ ಸಾಕಾಗಿರಬೇಕು. ಮೈಕು ಹಿಡಿದು ಏನೋ ಹೇಳಿದಳು.

“ನಿಮಗೆ ಇಷ್ಟೊಂದು ರಾಜಕೀಯ ಗೊತ್ತಲ್ಲ, ಪ್ರಶ್ನೆ ಕೇಳ್ತಾಳಂತೆ” ಎಂದರು ಶಮೀಮ್‌ಬಾನು. “ಗಂಡಸರು ಒಂದು ಕಡೆ, ನಾವೊಂದು ಕಡೆ. ಗೆದ್ದೋರಿಗೆ ನಾಳೆ ಘಟ್ಟದಾಗ ಮುಂದಿನ ಸೀಟು.”

ಮೊದಲ ಪ್ರಶ್ನೆ, ಶ್ರೀಲಂಕಾದ ರಾಜಧಾನಿ. ಗಂಡಸರೆಲ್ಲ ಒಂದೇ ಕೊರಳಲ್ಲಿ ‘ಕೊಲಂಬೊ’ ಎಂದು ಕೂಗಿದೆವು. ತಪ್ಪು. ಶ್ರೀ ಜಯವರ್ಧನಪುರ ಕೋಟೆ.

“ಬದಲಾಯಿಸ್ಯಾರ, ನಮಗೆ ತಿಳಿಸಿಲ್ಲ” ಎಂದ ನಾಗರಾಜಪ್ಪ, ತಿಳಿಸಬೇಕಾದದ್ದು ಅವರ ಕರ್ತವ್ಯ ಎಂಬ ಹಾಗೆ.

ಅವರ ಸಂಸತ್ತಿನಲ್ಲಿ ಸದಸ್ಯರು ಎಷ್ಟು? ನಾನು ಇನ್ನೂರೈವತ್ತು ಎಂದೆ. ನಾಗರಾಜಪ್ಪ ಮುನ್ನೂರು. ರಹಮತ್ ಸಾಹೇಬರು ನೂರಾ ಎಂಬತ್ತು. ದಾವಣಗೆರೆ ಎಪಿಎಂಸಿಯ ಹರಾಜಿನಲ್ಲಿ ಮೆಕ್ಕೆಜೋಳಕ್ಕೆ ಕೂಗುವ ಹಾಗೆ ಕೂಗಿ ಕೂಗಿ, ಕೊನೆಗೆ ಯಾರದೋ ಬಾಯಿಗೆ ಇನ್ನೂರಿಪ್ಪತ್ತೈದು ಸಿಕ್ಕಿತು. ಸರಿ, ನಮಗೆ ಒಂದು ಅಂಕ. ಹೆಂಗಸರ ಕಡೆ ಏನು ಕೇಳಿದರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಗೊತ್ತಿಲ್ಲ.”

ನಮ್ಮ ಕರ್ನಾಟಕದ ವಿಧಾನಸಭೆಗೆ ಎಷ್ಟು ಜನರನ್ನು ಆರಿಸುತ್ತೀರಿ ಎಂದು ಮಾಲಿನಿ ಹಾಲಮ್ಮನನ್ನೇ ಕೇಳಿದಳು. ಹಾಲಮ್ಮನ ತುಟಿ ಅಲ್ಲಾಡಿದ್ದನ್ನು ನಾನು ಕಂಡೆ. ಆಮೇಲೆ ಅವಳು ನನ್ನ ಕಡೆ ನೋಡಿದಳು. “ಗೊತ್ತಿಲ್ಲ” ಎಂದಳು. ನಾನು “ಇನ್ನೂರಿಪ್ಪತ್ತನಾಲ್ಕು!” ಎಂದು ಗುಡುಗಿದೆ. ನಾವು ಭರ್ಜರಿಯಾಗಿ ಗೆದ್ದೆವು.

ಇಳಿದ ಮೇಲೆ ಅವಳು, “ನನಗೂ ಅದೇ ಅನ್ನಿಸಿತ್ತು” ಎಂದಳು.

“ಮತ್ತ ಹೇಳ್ಬೇಕಿತ್ತಪ್ಪ.”

“ಪಕ್ಕಾ ಗೊತ್ತಿರ್ಲಿಲ್ಲ. ತಪ್ಪಾಗಿದ್ರೆ ನೀವು ಮಂಡಕ್ಕಿ ಅಂಗಡಿತನಕ ಒಯ್ದು ನಗ್ತಿದ್ರಿ.”

“ನಾನು ರಾಜಧಾನಿ ತಪ್ಪು ಹೇಳ್ಲಿಲ್ಲೇನು?”

“ನೀವು ತಪ್ಪು ಹೇಳಿದ್ರೆ ಯಾರು ನಗ್ತಾರೆ? ಹೇಳ್ರಿ ನೋಡೋಣ.”

ನಾನು ಯೋಚಿಸಿದೆ. ನಿಜಕ್ಕೂ ಯಾರೂ ನಕ್ಕಿರಲಿಲ್ಲ.

ಮಾರನೇ ದಿನ ಘಟ್ಟ ಹತ್ತುವ ಮುನ್ನ, ಅದೇ ಮುಂದಿನ ಸೀಟನ್ನು ಪಣಕ್ಕಿಟ್ಟು, ಮಾಲಿನಿ ಆಟ ಮತ್ತೊಮ್ಮೆ ಆಡಿಸಿದಳು. ಈ ಸಲ ಒಂದು ನಿಯಮ ಸೇರಿಸಿದಳು: ತಪ್ಪು ಹೇಳಿದರೆ ಒಂದು ಅಂಕ ಕಳೆಯುತ್ತಾಳೆ, ‘ಗೊತ್ತಿಲ್ಲ’ ಎಂದರೆ ಕಳೆಯುವುದಿಲ್ಲ. ಬಾಯಿಗೆ ಬಂದದ್ದು ಹೇಳುವ ಅಭ್ಯಾಸ ಒಂದೇ ದಿನಕ್ಕೆ ಹೋಗುತ್ತದೆಯೇ? ನಾವು ಕೂಗಿದೆವು, ಅಂಕ ಸೊನ್ನೆಯ ಕೆಳಗೆ ಇಳಿಯಿತು, ಬೇಸಿಗೆಯ ಕೊಳವೆಬಾವಿಯ ನೀರಿನಂತೆ ಇಳಿಯುತ್ತಲೇ ಹೋಯಿತು. ಹೆಂಗಸರು ಆರಾಮಾಗಿ ‘ಗೊತ್ತಿಲ್ಲ, ಗೊತ್ತಿಲ್ಲ’ ಎನ್ನುತ್ತ ಕಡಲೆಬೀಜ ತಿಂದರು. ಕೊನೆಗೆ ಅವರದು ಸೊನ್ನೆ. ಸೊನ್ನೆ ಹಿಡಿದುಕೊಂಡೇ ಗೆದ್ದರು.

“ಏನೂ ಗೊತ್ತಿಲ್ಲದೆ ಗೆಲ್ಲೋದು ಯಾವ ನ್ಯಾಯ್ರಿ?” ಎಂದು ನಾಗರಾಜಪ್ಪ ಕೂಗಾಡಿದ.

“ಏನೂ ಗೊತ್ತಿಲ್ಲದೆ ನಿನ್ನೆ ನೀವು ಗೆದ್ದಿರಲ್ಲ ಅಣ್ಣಾರೆ, ಅದೇ ನ್ಯಾಯ” ಎಂದರು ಶಮೀಮ್‌ಬಾನು. ಇದನ್ನು ಮಾಲಿನಿ ಹೇಳಿದ್ದಲ್ಲ, ಅವರದೇ ಒಗ್ಗರಣೆ.

ಘಟ್ಟದ ತಿರುವುಗಳಲ್ಲಿ ಹಿಂದಿನ ಸೀಟಿನ ಕುಲುಕಾಟ ನಮ್ಮ ಪಾಲಾಯಿತು. ನಾಗರಾಜಪ್ಪ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು, ಮೊದಲ ಬಾರಿಗೆ ಮೌನವಾಗಿದ್ದ.

ನುವಾರ ಎಲಿಯ

ಚಹಾ ಕುಡಿಯಲು ಚಹಾದ ಊರಿಗೇ ಬಂದಿದ್ದೆವು. ಅಲ್ಲಿ ಹಾಲಿಲ್ಲದ ಕರೀ ಚಹಾ ಕೊಟ್ಟು, ಕೈಗೆ ಒಂದು ತುಂಡು ಬೆಲ್ಲ ಕೊಡುತ್ತಾರೆ. ಬೆಲ್ಲ ಕಚ್ಚಿ ಚಹಾ ಹೀರಬೇಕು. ನಾನು ಬಲ್ಲವನಂತೆ ಬೆಲ್ಲವನ್ನು ಲೋಟದೊಳಗೆ ಹಾಕಿ ಕಲಕಿದೆ. ಅಂಗಡಿಯ ಮುದುಕಿ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದಳು. ಹಾಲಮ್ಮ ಪಕ್ಕದ ಮೇಜಿನವರು ಕುಡಿಯುವುದನ್ನು ನೋಡಿ ಅದೇ ರೀತಿ ಕುಡಿದಳು.

ಹೊರಗೆ ಚಳಿ, ಮಂಜು. ಎಲ್ಲರೂ ಒಂದೇ ಉದ್ದ ಮೇಜಿಗೆ ಕೂತಿದ್ದೆವು. ಪ್ರಪಂಚದಲ್ಲಿ ಮೊಟ್ಟಮೊದಲು ಹೆಂಗಸನ್ನು ಪ್ರಧಾನಿ ಮಾಡಿದ್ದು ಇವರ ದೇಶ ಎಂದು ನಾನು ಭಾಷಣ ಶುರು ಮಾಡಿದೆ. ಅಪರೂಪಕ್ಕೆ ಅದು ಸರಿಯಾದ ಮಾಹಿತಿ. ಮಾಲಿನಿ ನಕ್ಕಳು. ಹೌದು, ಆದರೆ ನಮ್ಮ ಮನೆಗೆ ಓಟು ಕೇಳಲು ಬಂದವರು ಇವತ್ತಿಗೂ ಅಪ್ಪನನ್ನೇ ಮಾತಾಡಿಸಿ ಹೋಗುತ್ತಾರೆ ಎಂದಳು. ಆಮೇಲೆ, ಇನ್ನೊಂದೇ ಪ್ರಶ್ನೆ, ಯಾರೂ ‘ಗೊತ್ತಿಲ್ಲ’ ಎನ್ನುವಂತಿಲ್ಲ, ಅಂಕವೂ ಇಲ್ಲ, ಎಂದಳು. ನಿಮ್ಮ ಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ಏನು ಮಾಡುತ್ತೀರಿ?

“ದೊಡ್ಡ ಮೋಟರ್ ಹಾಕ್ತೀವಿ!” ಎಂದೆವು ನಾವೆಲ್ಲ. ನಮ್ಮ ಕಸುಬೇ ಅದು.

ಹೆಂಗಸರ ಕಡೆ ತಿರುಗಿದಾಗ ಆದದ್ದು ಬೇರೆ. ಒಮ್ಮೆಲೇ ಎಲ್ಲರೂ ಮಾತಾಡಿದರು. ಶಮೀಮ್‌ಬಾನು ಮಾಲಿನಿಗೆ ಹೇಳುವುದನ್ನೇ ಬಿಟ್ಟು ಜಗಳಕ್ಕೆ ಇಳಿದವರಂತೆ ಮಾತಾಡಿದರು. ಹಾಲಮ್ಮ, ಚಹಾ ಲೋಟ ಕೆಳಗಿಟ್ಟು, “ನಮ್ಮ ಓಣಿಗೆ ವಾಲ್ವ್ ತಿರುಗಿಸೋನು ಒಬ್ಬ, ಅವನಿಗೆ ಹೇಳೋನು ಒಬ್ಬ” ಎಂದು ಶುರು ಮಾಡಿದಳು. ಯಾರ ಮಾತಿಗೆ ಯಾರು ಕೇಳುತ್ತಾರೆ, ಹೋದ ಸಲ ಪೈಪು ಬದಲಿಸುತ್ತೇವೆ ಎಂದವರು ಯಾಕೆ ಬದಲಿಸಲಿಲ್ಲ, ಅದು ಪೇಪರಿನಲ್ಲಿ ಬಂದ ಮೇಲೆ ಏನಾಯಿತು, ಹೇಳುತ್ತಲೇ ಹೋದಳು. ನಾನು ಕೊಟ್ಟ ಜಿಲ್ಲೆಯ ಹಾಳೆ! ಎಲ್ಲವೂ ಸರಿ ಇತ್ತು ಎಂದಲ್ಲ. ಮೇಯರ್ ಐದು ವರ್ಷ ಇರುತ್ತಾರಲ್ಲ ಎಂದಳು.

“ಒಂದೇ ವರ್ಷ ಹಾಲಮ್ಮಕ್ಕ” ಎಂದರು ಶಮೀಮ್‌ಬಾನು.

“ಒಂದೇ ವರ್ಷನಾ? ಅದಕ್ಕೇ ಮುಖ ನೆನಪಿರಲ್ಲ!” ಎಂದು ಹಾಲಮ್ಮ ಗಟ್ಟಿಯಾಗಿ ನಕ್ಕಳು. ತಪ್ಪು ಹೇಳಿ ನಕ್ಕದ್ದು, ಅದೂ ಹತ್ತು ಜನರೆದುರು. ಅವಳನ್ನು ಹಾಗೆ ನಾನು ನೋಡಿರಲಿಲ್ಲ.

ಶಮೀಮ್‌ಬಾನು ಎಲ್ಲವನ್ನೂ ಹಿಂದಿಯಲ್ಲಿ ಒಪ್ಪಿಸಿದ ಮೇಲೆ, ಇಷ್ಟೆಲ್ಲ ತಿಳಿದವರು ಊರಿನ ಕೆಲಸಕ್ಕೆ ಯಾಕೆ ಹೋಗುವುದಿಲ್ಲ ಎಂದು ಮಾಲಿನಿ ಕೇಳಿದಳು. ಹಾಲಮ್ಮ ಸೆರಗಿನ ತುದಿ ನೋಡಿಕೊಂಡಳು.

“ಯಾರು ಕರೀತಾರವ್ವ? ನಮ್ಮಲ್ಲಿ ವಾರ್ಡ್ ಸಮಿತಿಗೆ ಹೆಣ್ಣುಮಕ್ಕಳನ್ನ ಹುಡುಕ್ತಿದಾರಂತ ಪೇಪರಿನಾಗ ಓದಿದ್ದೆ. ನಮ್ಮ ವಿಜಯಮ್ಮ ಮನೆ ಮನೆ ತಿರುಗ್ಯಾಳಂತೆ. ಹಿಂದಿನ ಓಣಿ ಗೌರಕ್ಕನ್ನ ಕೇಳ್ಯಾಳೆ. ನನ್ನ ಕೇಳ್ಲಿಲ್ಲ. ನನ್ನ ಕೈಲಿ ಆಗಲ್ಲ ಅಂದ್ಕೊಂಡಿರ್ಬೇಕು ಬಿಡು.”

ಅವಳು ಅದನ್ನು ಹಗುರವಾಗಿಯೇ ಹೇಳಿದಳು. ನಾನು ಆಗಲೇ ಕರಗಿದ್ದ ಬೆಲ್ಲವನ್ನು ಮತ್ತೆ ಕಲಕತೊಡಗಿದೆ. ಕೇಳಲಿಲ್ಲ ಎಂಬ ನೋವನ್ನು ಇವಳು ಲಂಕೆಯವರೆಗೂ ಹೊತ್ತು ತಂದಿದ್ದಾಳೆ. ಅವರು ಕೇಳಿದ್ದರು ಎಂಬುದನ್ನು ನಾನು ಹೊತ್ತು ತಂದಿದ್ದೇನೆ. ವಿಮಾನದಲ್ಲಿ ಇಬ್ಬರೂ ಅಕ್ಕಪಕ್ಕದ ಸೀಟಿನಲ್ಲೇ ಕೂತು ಬಂದೆವು.

‘ಎಲ್ಲ’ ಊರಿನ ರೈಲು

ಹೇಳಿಬಿಡಬೇಕು ಎಂದು ಅಂದಿನಿಂದ ಹೊಂಚು ಹಾಕಿದೆ. ಹೂತೋಟದಲ್ಲಿ ಹೇಳಲು ಹೋದೆ, ಕೋತಿ ನನ್ನ ಟೋಪಿ ಎಳೆಯಿತು. ತಿಂಡಿಯ ಹೊತ್ತಿಗೆ ಹೇಳಲು ಹೋದೆ, ನಾಗರಾಜಪ್ಪ ಬಂದು ಪಕ್ಕದಲ್ಲೇ ಕುಕ್ಕರಿಸಿದ. ಕೋತಿಯಾದರೆ ಟೋಪಿ ತಗೊಂಡು ಹೋಯಿತು, ಇವನು ಹೋಗಲಿಲ್ಲ.

‘ಎಲ್ಲ’ ಎಂಬ ಬೆಟ್ಟದ ಊರಿಗೆ ಒಂದು ರೈಲಿದೆ. ನಮ್ಮ ಹರಿಹರದ ಸೇತುವೆ ಮೇಲೆ ಹೋಗುವ ರೈಲಿಗಿಂತ ನಿಧಾನ. ಪಕ್ಕದಲ್ಲಿ ನಡೆದು ಹೋಗುವವರು ನಮ್ಮನ್ನು ಮಾತಾಡಿಸಿ ಮುಂದೆ ಹೋಗಬಹುದು. ವಿದೇಶದ ಹುಡುಗ ಹುಡುಗಿಯರು ಬಾಗಿಲಿಗೆ ಜೋತುಬಿದ್ದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹಾಲಮ್ಮ ಕಿಟಕಿಯ ಪಕ್ಕ ಕೂತು ಚಹಾದ ಗುಡ್ಡಗಳನ್ನು ನೋಡುತ್ತಿದ್ದಳು. ಇದೇ ಸಮಯ ಎಂದು ನಾನು ಹತ್ತಿರ ಬಾಗಿದೆ.

“ನೋಡು, ವಿಜಯಮ್ಮ ನಿನ್ನನ್ನೂ ಕೇಳಿದ್ದಳು...”

ಅಷ್ಟರಲ್ಲಿ ರೈಲು ಸುರಂಗಕ್ಕೆ ನುಗ್ಗಿತು. ಅಲ್ಲಿ ಒಂದು ವಿಚಿತ್ರ ಪದ್ಧತಿ. ಸುರಂಗ ಬಂದರೆ ಬೋಗಿಯ ಜನರೆಲ್ಲ, ಮುದುಕರು ಮಕ್ಕಳೆನ್ನದೆ, ಬಾಯಿಬಿಟ್ಟು ಕಿರುಚುತ್ತಾರೆ. ಯಾಕೆಂದು ಯಾರಿಗೂ ಗೊತ್ತಿಲ್ಲ, ಖುಷಿಗಂತೆ.

“ಏನ್ರಿ? ಏನಂದ್ರಿ?” ಎಂದಳು ಹಾಲಮ್ಮ.

ನಾನು ಇನ್ನೂ ಜೋರಾಗಿ ಹೇಳಿದೆ. ಕಿರುಚಾಟವೂ ಜೋರಾಯಿತು. ಇದ್ದ ಉಸಿರನ್ನೆಲ್ಲ ಕೂಡಿಸಿ ನಾನು ಮತ್ತೆ ಕೂಗುವುದಕ್ಕೂ, ಸುರಂಗ ಮುಗಿದು ಎಲ್ಲರೂ ಒಮ್ಮೆಲೇ ಸುಮ್ಮನಾಗುವುದಕ್ಕೂ ಸರಿಹೋಯಿತು.

“ವಿಜಯಮ್ಮ ಕೇಳೋಕೆ ಬಂದಿದ್ದಳು! ನಾನೇ ನಿನ್ನ ಪರವಾಗಿ ಬ್ಯಾಡ ಅಂದ್ಬಿಟ್ಟೆ!”

ಬಿಸಿಲು ಬಿದ್ದ ಬೋಗಿಯಲ್ಲಿ ನನ್ನ ದನಿಯೊಂದೇ ನಿಂತಿತ್ತು. ದಾವಣಗೆರೆ ಜಿಲ್ಲೆಯ ಪಂಪ್‌ಸೆಟ್ ಡೀಲರುಗಳೆಲ್ಲ ನನ್ನನ್ನೇ ನೋಡುತ್ತಿದ್ದರು. ಕನ್ನಡ ತಿಳಿಯದ ಜನರಿಗೂ ಏನೋ ಆಗಿದೆ ಎಂದು ತಿಳಿಯಿತು.

“ಏನಂತ ಅಂದ್ರಿ?” ಎಂದಳು ಹಾಲಮ್ಮ. ಮೆಲ್ಲಗೆ.

“ಆಸಕ್ತಿ ಇಲ್ಲ ಅಂದೆ.”

“ಇನ್ನ?”

“ಗೊತ್ತಾಗೋದೂ ಇಲ್ಲ ಅಂದೆ.”

ಅವಳು ಕಿಟಕಿಯ ಕಡೆ ತಿರುಗಿದಳು. ಗುಡ್ಡ, ಹೆಂಗಸರು ಚಹಾ ಎಲೆ ಕೀಳುವುದು, ಮತ್ತೊಂದು ಗುಡ್ಡ. ನಾಗರಾಜಪ್ಪ ಏನೋ ತಮಾಷೆ ಮಾಡಲು ಬಾಯಿ ತೆಗೆದ. ಅವನ ಹೆಂಡತಿ ಅವನ ಬಾಯಿಗೆ ಒಂದು ಬಾಳೆಹಣ್ಣು ತುರುಕಿದಳು.

“ತಪ್ಪಾತು” ಎಂದೆ ನಾನು. ಆ ಮಾತನ್ನು ನಾನು ಬ್ಯಾಂಕಿನವರಿಗೆ ಹೇಳಿದ್ದೇನೆ, ಗಿರಾಕಿಗಳಿಗೆ ಹೇಳಿದ್ದೇನೆ, ಮನೆಯಲ್ಲಿ ಹೇಳಿದ್ದು ನೆನಪಿಲ್ಲ.

“ಅವಳು ನನ್ನ ಕಡೆಗಣಿಸಿದಳು ಅಂತ ಮಾಡಿದ್ದೆ” ಎಂದಳು ಅವಳು, ಕಿಟಕಿಗೇ. “ಹೊರಡೋ ದಿನ ಅವಳು ಕೈ ಮಾಡಿದ್ರೂ ಮಾತಾಡಿಸ್ಲಿಲ್ಲ ನಾನು.”

ಮುಂದಿನ ಸುರಂಗದಲ್ಲಿ ಎಲ್ಲರೂ ಮತ್ತೆ ಕಿರುಚಿದರು. ಆ ಕತ್ತಲೆಯಲ್ಲಿ ಹಾಲಮ್ಮನೂ ಕಿರುಚಿದಳು. ಖುಷಿಗೆ ಅಲ್ಲ ಎಂದು ನನಗೆ ಮಾತ್ರ ಗೊತ್ತಿತ್ತು.

ಮರಳಿ ಕೊಲಂಬೊ

ರೈಲಿನಿಂದ ಇಳಿದ ಕೂಡಲೇ ವಿಜಯಮ್ಮನಿಗೆ ಫೋನು ಮಾಡಿದೆ. ಹಾಲಮ್ಮನನ್ನು ಕೇಳದೆ ಹೇಳಿದ್ದೆ, ತಪ್ಪು ನನ್ನದು, ಬೇರೆಯವರ ಹೆಸರು ಕೊಟ್ಟುಬಿಟ್ಟಿರಾ ಎಂದೆ.

“ಗೌರಕ್ಕ ಒಲ್ಲೆ ಅಂದ್ರು. ಸೋಮವಾರ ಹೆಸರು ಕೊಡ್ಬೇಕು. ಭಾನುವಾರ ಮನೀಗೆ ಬರ್ತೀವಿ. ಅವರು ಒಪ್ತಾರೇನ್ರಿ?”

‘ಒಪ್ತಾಳೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಬಂದು ಕೇಳಿ ಎಂದೆ.

ಉಳಿದ ದಿನಗಳಲ್ಲಿ ಹಾಲಮ್ಮ ಎಲ್ಲರೊಡನೆ ನಗುನಗುತ್ತ ಇದ್ದಳು. ನನ್ನೊಡನೆ ಬೇಕಾದಷ್ಟೇ ಮಾತು. ಸಮುದ್ರದ ದಂಡೆಯಲ್ಲಿ ತಡೆಯಲಾರದೆ ಕೇಳಿದೆ.

“ಭಾನುವಾರ ಏನು ಹೇಳ್ತಿ ಅವರಿಗೆ?”

“ಗೊತ್ತಿಲ್ಲ.”

“ನನಗಾದ್ರೂ ಹೇಳು ಮಾರಾಯ್ತಿ.”

“ನಿಮಗೆ ಹೇಳಿದ್ರೆ ಅವರಿಗೆ ನೀವೇ ಹೇಳ್ಬಿಡ್ತೀರಿ” ಎಂದಳು.

ಹಿಂತಿರುಗುವಾಗ ಪಾಸ್‌ಪೋರ್ಟಿನ ಕಿಟಕಿಯಲ್ಲಿ ಅವಳು ನನಗಿಂತ ಮುಂದೆ ನಿಂತಳು. ಅವಳದು ಮುಗಿಯುವವರೆಗೆ ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು, ನೆಲದ ಟೈಲ್ಸ್ ನೋಡುತ್ತ ನಿಂತಿದ್ದೆ. ಅಷ್ಟು ಕಷ್ಟದ ಕೆಲಸವನ್ನು ಆ ದೇಶದಲ್ಲಿ ನಾನು ಇನ್ನೊಂದು ಮಾಡಲಿಲ್ಲ.

ಮತ್ತೆ ನಮ್ಮ ಗೇಟಿನಲ್ಲಿ

ಭಾನುವಾರ ಬೆಳಿಗ್ಗೆ ಪೇಪರು ಬಂತು. ನಾನು ಅದನ್ನು ಬಿಡಿಸದೆ, ಇಡಿಯಾಗಿ ಒಳಗೆ ತೆಗೆದುಕೊಂಡು ಹೋಗಿ ಅವಳ ಮುಂದೆ ಇಟ್ಟೆ. ಅವಳು ಜಿಲ್ಲೆಯ ಹಾಳೆ ತೆಗೆದುಕೊಂಡು ಮಿಕ್ಕದ್ದನ್ನು ನನ್ನ ಕಡೆ ತಳ್ಳಿದಳು. “ಅದರಾಗ ಏನಿರ್ತೈತೆ, ನೀವೇ ಓದ್ರಿ” ಎಂದಳು.

ಹತ್ತು ಗಂಟೆಯ ಹೊತ್ತಿಗೆ ವಿಜಯಮ್ಮನವರು ಬಂದರು. ಜೊತೆಗೆ ಅದೇ ಇಬ್ಬರು. ನಾನು ಅದೇ ಗೇಟು ತೆರೆದೆ.

“ಏನ್ರಿ ಅಣ್ಣಾರೆ” ಎಂದರು ವಿಜಯಮ್ಮ, ಈ ಸಲ ಕಣ್ಣಲ್ಲೇ ನಗುತ್ತ, “ಹಾಲಮ್ಮನೋರು ಏನಂತಾರೆ?”

“ಗೊತ್ತಿಲ್ಲ” ಎಂದೆ. ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಇಷ್ಟು ವರ್ಷ ಕೂತು ಒಮ್ಮೆಯೂ ಆಡದ ಮಾತು. ಬಾಯಿಗೆ ಹೊಸ ಹಲ್ಲು ಕಟ್ಟಿಸಿದ ಹಾಗಿತ್ತು. “ಒಳಗದಾಳೆ, ಬರ್ರಿ. ಅವಳನ್ನೇ ಕೇಳ್ರಿ.”

ಅವರು ಒಳಗೆ ಹೋದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಮೊದಲು ಬಳೆಯ ಸದ್ದು, ಕುರ್ಚಿ ಎಳೆದ ಸದ್ದು, ಲಂಕೆಯ ಚಹಾದ ಪೊಟ್ಟಣ ಹರಿದ ಸದ್ದು. ವಿಜಯಮ್ಮ ಏನೋ ಕೇಳಿದರು. ನಾನು ದಿಲ್ಲಿಯ ಹಾಳೆಯನ್ನು ಮುಖಕ್ಕೆ ಹಿಡಿದು, ಕಿವಿಯನ್ನು ಬಾಗಿಲ ಕಡೆ ಇಟ್ಟೆ.

“ಸಭೆ ಎಷ್ಟೊತ್ತಿಗೆ ಇರ್ತೈತೆ ವಿಜಯಮ್ಮ?” ಎಂದ ಹಾಲಮ್ಮನ ದನಿ ಕೇಳಿತು.

“ಸಂಜೀಕೆ ಕಣ್ರಿ. ಮುಗಿಯೋದು ತಡ ಆಗ್ತೈತೆ. ಯಜಮಾನ್ರ ರೊಟ್ಟಿ ಪಲ್ಯದ್ದು ಏನು ಮಾಡ್ತೀರಿ?”

“ನನಗೇನು ಗೊತ್ತು?” ಎಂದಳು ಹಾಲಮ್ಮ. “ಹೊರಗ ಕೂತಾರೆ, ಅವರನ್ನೇ ಕೇಳ್ರಿ.”